ಘಟಕಗಳು ಕೂಡುವ ಜಾಗ



ಆಪರೇಟಿಂಗ್ ಸಿಸ್ಟಮ್ ಎಂಬ ವಿಷಯವನ್ನು ನಾವು ಪಾಠಕ್ಕಾಗಿ ಘಟಕಗಳಾಗಿ ಕತ್ತರಿಸಿ ಇಟ್ಟಿದ್ದೇವೆ. ಪ್ರೊಸೆಸ್ ಒಂದು ಕಡೆ, ಶೆಡ್ಯೂಲಿಂಗ್ ಇನ್ನೊಂದು ಕಡೆ, ಲಾಕ್ ಮತ್ತು ಸೆಮಫೋರ್ ಮಗದೊಂದು ಕಡೆ, ಆಮೇಲೆ ಮೆಮೊರಿ, ಕೊನೆಗೆ ಫೈಲ್ ಸಿಸ್ಟಮ್. ಪರೀಕ್ಷೆಯ ಪ್ರಶ್ನೆಗಳೂ ಇದೇ ಲೆಕ್ಕದಲ್ಲಿ ಬರುತ್ತವೆ. ಓದುವ ಅನುಕೂಲಕ್ಕೆ ಮಾಡಿಕೊಂಡ ಈ ಬೇಲಿಗಳು ಯಂತ್ರದೊಳಗೆ ಎಲ್ಲೂ ಇಲ್ಲ. ಈ ವಿಷಯದ ತಿರುಳೂ ತೊಡಕೂ ಇರುವುದು ಘಟಕಗಳು ಒಂದಕ್ಕೊಂದು ತಾಗುವ ಕಡೆ. ಈ ವಿಚಾರ ಸಂಕಿರಣದಿಂದ ನನ್ನ ಆಶಯ ಇಷ್ಟೇ: ನೀವು ಆ ಜಾಗಗಳನ್ನು ಕಣ್ಣಾರೆ ನೋಡಬೇಕು.

ಅಂಥ ಒಂದು ಜಾಗದ ಉದಾಹರಣೆ ನೋಡಿ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ನೌಕೆ ಮಂಗಳದ ಮೇಲೆ ಇಳಿಯಿತು. ಚಿತ್ರಗಳು ಬರತೊಡಗಿದವು. ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ತನ್ನಷ್ಟಕ್ಕೆ ತಾನೇ ರೀಸೆಟ್ ಆಗತೊಡಗಿತು. ಹಾಗಾದಾಗಲೆಲ್ಲ ಆ ದಿನದ ಉಳಿದ ಕೆಲಸ ಮರುದಿನಕ್ಕೆ ಬೀಳುತ್ತಿತ್ತು. ಅದರಲ್ಲಿದ್ದದ್ದು ವಿಎಕ್ಸ್‌ವರ್ಕ್ಸ್ ಎಂಬ ರಿಯಲ್‌ಟೈಮ್ ಆಪರೇಟಿಂಗ್ ಸಿಸ್ಟಮ್. ಹೆಚ್ಚು ಆದ್ಯತೆಯ ಕಾರ್ಯ ಸಿದ್ಧವಾದ ಕೂಡಲೇ ಕಡಿಮೆ ಆದ್ಯತೆಯದನ್ನು ಬದಿಗೆ ಸರಿಸಿ ಅದಕ್ಕೆ ಪ್ರೊಸೆಸರ್ ಕೊಡುವುದು ಅದರ ನಿಯಮ.

ನಡೆದದ್ದು ಹೀಗೆ. ಹವಾಮಾನದ ದತ್ತಾಂಶ ಕೂಡಿಸುವ ಕಡಿಮೆ ಆದ್ಯತೆಯ ಕಾರ್ಯವೊಂದು ಮ್ಯೂಟೆಕ್ಸ್ ಎಂಬ ಲಾಕ್ ಹಿಡಿಯಿತು. ನೌಕೆಯೊಳಗಿನ ದತ್ತಾಂಶ ಬಸ್ಸಿನ ಮೇಲೆ ಮಾಹಿತಿ ಹಂಚುವ ಹೆಚ್ಚು ಆದ್ಯತೆಯ ಕಾರ್ಯಕ್ಕೂ ಅದೇ ಮ್ಯೂಟೆಕ್ಸ್ ಬೇಕಾಗಿ ಅದು ಕಾಯುತ್ತ ನಿಂತಿತು. ಅಷ್ಟರಲ್ಲಿ ಮಧ್ಯಮ ಆದ್ಯತೆಯ ಕಾರ್ಯಗಳು ಎದ್ದು ಪ್ರೊಸೆಸರ್ ಹಿಡಿದವು. ಅವಕ್ಕೆ ಆ ಮ್ಯೂಟೆಕ್ಸಿನ ಗೊಡವೆಯೇ ಇಲ್ಲ. ಆದರೆ ಅವು ಓಡುವಷ್ಟು ಹೊತ್ತು ಹವಾಮಾನದ ಕಾರ್ಯಕ್ಕೆ ಸರದಿ ಸಿಗದು. ಸರದಿ ಸಿಗದೆ ಅದು ಮ್ಯೂಟೆಕ್ಸ್ ಬಿಡದು. ಬಸ್ಸಿನ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯದ್ದನ್ನು ಕಂಡ ತಪಾಸಣೆಯ ಕಾರ್ಯ ಇಡೀ ವ್ಯವಸ್ಥೆಯನ್ನು ರೀಸೆಟ್ ಮಾಡಿತು.

ಗಮನಿಸಿ, ಶೆಡ್ಯೂಲರ್ ತಪ್ಪು ಮಾಡಲಿಲ್ಲ. ಮ್ಯೂಟೆಕ್ಸ್ ಕೂಡ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಎರಡು ಘಟಕಗಳಲ್ಲೂ ಪೂರ್ಣ ಅಂಕ ಪಡೆದವರ ಕೈಯಿಂದಲೂ ಇದು ತಪ್ಪಿಸಿಕೊಳ್ಳಬಹುದು. ಪ್ರಯಾರಿಟಿ ಇನ್ವರ್ಷನ್ ಎಂದು ಕರೆಯುವ ಈ ತೊಡಕನ್ನು ಸಂಶೋಧಕರಾದ ಲ್ಯಾಂಪ್ಸನ್ ಮತ್ತು ರೆಡೆಲ್ 1980ರಲ್ಲೇ ಬರೆದಿಟ್ಟಿದ್ದರು. ಲಾಕ್ ಹಿಡಿದವನಿಗೆ ಕಾಯುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಪರಿಹಾರವನ್ನು ಶಾ, ರಾಜ್‌ಕುಮಾರ್, ಲೆಹೋಸ್ಕಿ 1990ರಲ್ಲಿ ಗಣಿತದ ಆಧಾರದೊಂದಿಗೆ ವಿಶ್ಲೇಷಿಸಿದ್ದರು. ವಿಎಕ್ಸ್‌ವರ್ಕ್ಸ್‌ನಲ್ಲಿ ಆ ಸೌಲಭ್ಯವೂ ಇತ್ತು, ಈ ಮ್ಯೂಟೆಕ್ಸಿಗೆ ಅದು ಆನ್ ಆಗಿರಲಿಲ್ಲ. ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯವರು ಭೂಮಿಯ ಮೇಲಿನ ಪ್ರತಿಕೃತಿಯಲ್ಲಿ ಟ್ರೇಸ್ ಹಾಕಿ ರೀಸೆಟ್ ಮರುಕಳಿಸುವಂತೆ ಮಾಡಿದರು, ಕಾರಣ ಕಂಡುಕೊಂಡರು, ಮಂಗಳಕ್ಕೆ ಸಣ್ಣದೊಂದು ತಿದ್ದುಪಡಿ ಕಳಿಸಿದರು.

ಆ ಟ್ರೇಸ್ ಇಲ್ಲದಿದ್ದರೆ ಉಳಿಯುತ್ತಿದ್ದದ್ದು ಬರೀ ಊಹೆ. ನೋಡಿ ಕಲಿಯುವುದಕ್ಕೆ ಇಷ್ಟು ಒತ್ತು ಕೊಡುವುದು ಅದಕ್ಕೇ.

ಆಪರೇಟಿಂಗ್ ಸಿಸ್ಟಮಿನ ಒಳಗನ್ನು ಹೀಗೆ ನೋಡುವ ಅವಕಾಶ ಹಿಂದೆ ಸುಲಭವಾಗಿ ಸಿಗುತ್ತಿರಲಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ 1970ರ ದಶಕದಲ್ಲಿ ಯೂನಿಕ್ಸ್ ಆರನೇ ಆವೃತ್ತಿಯ ಮೂಲ ಕೋಡಿಗೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು ತರಗತಿಯಲ್ಲಿ ಪಾಠ ಮಾಡಿದರು. ಏಳನೇ ಆವೃತ್ತಿಯ ಪರವಾನಗಿಯು ಕೋಡನ್ನು ತರಗತಿಗೆ ತರುವುದನ್ನು ತಡೆಯಿತು. ಲಯನ್ಸ್ ಪುಸ್ತಕ ಕೈಯಿಂದ ಕೈಗೆ ಜೆರಾಕ್ಸ್ ಆಗಿಯೇ ಓಡಾಡಿತು, ಅಧಿಕೃತವಾಗಿ ಅಚ್ಚಾದದ್ದು 1996ರಲ್ಲಿ. ಆ ನಿರ್ಬಂಧದಿಂದ ಬೇಸತ್ತ ಅಧ್ಯಾಪಕ ಟನೆನ್‌ಬಾಮ್ 1987ರಲ್ಲಿ ಪಾಠಕ್ಕಾಗಿಯೇ ಮಿನಿಕ್ಸ್ ಬರೆದರು. ಇಂದು ಲಿನಕ್ಸ್ ಕೋಡ್ ಎಲ್ಲರಿಗೂ ಮುಕ್ತ. ಲಯನ್ಸ್ ಓದಿಸಿದ ಅದೇ ಆರನೇ ಆವೃತ್ತಿಯ ಮಾದರಿಯಲ್ಲಿ ಎಂಐಟಿಯವರು 2006ರಲ್ಲಿ ಎಕ್ಸ್‌ವಿ6 ಕಟ್ಟಿದರು. ಒಂದು ಸೆಮಿಸ್ಟರ್‌ನಲ್ಲಿ ಓದಿ ಮುಗಿಸುವಷ್ಟು ಚಿಕ್ಕದು. ಇಷ್ಟೆಲ್ಲ ತೆರೆದಿರುವಾಗಲೂ ನಾವು ಡೆಡ್‌ಲಾಕಿನ ನಾಲ್ಕು ಷರತ್ತುಗಳನ್ನು ಬಾಯಿಪಾಠ ಮಾಡಿಸಿ ನಿಲ್ಲಿಸಿದರೆ ಅದು ಅಧ್ಯಾಪಕರಾದ ನಮ್ಮ ಲೋಪ.

ಮಧ್ಯಾಹ್ನದ ಲ್ಯಾಬಿನಲ್ಲಿ, ಮಗು ಪ್ರೊಸೆಸ್ ಹುಟ್ಟಿಸುವ ಎಕ್ಸ್‌ವಿ6ರ ಫೋರ್ಕ್ ಕರೆಯನ್ನು ಬದಲಿಸಲಿದ್ದೇವೆ. ಈಗ ಅದು ತಾಯಿ ಪ್ರೊಸೆಸ್‌ನ ಮೆಮೊರಿಯನ್ನೆಲ್ಲ ನಕಲು ಮಾಡುತ್ತದೆ. 4 ಕೆಬಿ ಪುಟದ ಲೆಕ್ಕದಲ್ಲಿ 1 ಜಿಬಿ ಎಂದರೆ 2,62,144 ಪುಟಗಳು. ಮರುಕ್ಷಣವೇ ಮಗು ಬೇರೆ ಪ್ರೋಗ್ರಾಂ ತುಂಬಿಕೊಳ್ಳಲು ಎಕ್ಸೆಕ್ ಕರೆದರೆ ಅಷ್ಟೂ ನಕಲು ದಂಡ. ಹಾಗಾಗಿ ಪುಟಗಳನ್ನು ಇಬ್ಬರಿಗೂ ಹಂಚಿ, ಓದಲು ಮಾತ್ರ ಎಂದು ಗುರುತು ಹಾಕುತ್ತೇವೆ. ಇಬ್ಬರಲ್ಲಿ ಒಬ್ಬರು ಬರೆಯಲು ಹೋದಾಗ ಪೇಜ್ ಫಾಲ್ಟ್ ಬರುತ್ತದೆ, ಆಗ ಆ ಒಂದು ಪುಟವನ್ನು ಮಾತ್ರ ಕರ್ನಲ್ ನಕಲು ಮಾಡುತ್ತದೆ. ಪ್ರೊಸೆಸ್ ಘಟಕದಲ್ಲಿ ಕೈಹಾಕಿದವರು ಅರ್ಧ ಗಂಟೆಯೊಳಗೆ ಮೆಮೊರಿ ಘಟಕದಲ್ಲಿ ಇರುತ್ತೀರಿ. ಪುಟವನ್ನು ಯಾವಾಗ ಮರಳಿ ಪಡೆಯುವುದು ಎಂದು ತಿಳಿಯಲು, ಅದನ್ನು ಎಷ್ಟು ಪ್ರೊಸೆಸ್‌ಗಳು ಹಂಚಿಕೊಂಡಿವೆ ಎಂಬ ಎಣಿಕೆ ಇಡಬೇಕಾಗುತ್ತದೆ. ಎರಡು ಕೋರ್‌ಗಳು ಒಂದೇ ಹೊತ್ತಿಗೆ ಆ ಎಣಿಕೆಯನ್ನು ಇಳಿಸಲು ಬಂದರೆ ಏನಾಗುತ್ತದೆ ಎಂದು ಮೊದಲು ಲಾಕ್ ಇಲ್ಲದೆಯೇ ಓಡಿಸಿ ನೋಡಿ.