ಗುಂಪಿಗೆ ಸೇರದವರು
(ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಡುವುದನ್ನು ತಾವೆಲ್ಲ ಬಲ್ಲಿರಿ. ಮರಿಗೆ ಕಾಗೆಯೇ ತುತ್ತು ಕೊಡುತ್ತದೆ. ಬೆಳೆದ ಕೋಗಿಲೆಯನ್ನು ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ. ಕೋಳಿ ಸಾಕಿದವರಿಗೂ ಗೊತ್ತು: ಒಂದಕ್ಕೆ ಗಾಯವಾಗಿ ರಕ್ತ ಕಂಡಿತೆಂದರೆ ಉಳಿದವು ಅದನ್ನೇ ಕುಕ್ಕುತ್ತವೆ. ಇದನ್ನು ನೋಡಿ, ಬೇರೆಯಾದವನನ್ನು ಹೊರಗಿಡುವುದು ಪ್ರಕೃತಿಯ ನಿಯಮವೆಂದು ವಾದಿಸುವವರುಂಟು. ಆ ಮಾತು ಅರ್ಧ ಮಾತ್ರ ನಿಜ.

1966ರಲ್ಲಿ ಟಾಂಜಾನಿಯ ದೇಶದ ಗೋಂಬೆ ಕಾಡಿನ ಚಿಂಪಾಂಜಿಗಳಿಗೆ ಪೋಲಿಯೋ ತಗಲಿತು. ಅಲ್ಲಿ ನಡೆದುದನ್ನು ಜೇನ್ ಗುಡಾಲ್ ಎಂಬ ವಿದುಷಿ ಬರೆದಿಟ್ಟಿದ್ದಾರೆ. ಮೆಗ್ರೆಗರ್ ಎಂದು ಅವರು ಹೆಸರಿಟ್ಟಿದ್ದ ಮುದಿ ಗಂಡು ಕಾಲು ಸೋತು ತೆವಳತೊಡಗಿತು. ಹಳೆಯ ಸಂಗಾತಿಗಳು ಅದನ್ನು ಕಂಡು ಹೆದರಿದವು; ಕೆಲವು ಮೇಲೆ ಬಿದ್ದು ಹೊಡೆದವು; ಪರಸ್ಪರ ಮೈ ಸವರುವ ಕೂಟಕ್ಕೆ ಸೇರಿಸಲಿಲ್ಲ. ಹಂಫ್ರಿ ಎಂಬ ಒಂದು ಮಾತ್ರ ಅದರ ಬಳಿಯಲ್ಲೇ ಉಳಿಯಿತು. ಹೊಡೆಯಬಂದ ಬಲಶಾಲಿಯ ಮೇಲೂ ತಿರುಗಿ ಬಿತ್ತು. ಆದ್ದರಿಂದ ಹೆದರಿಕೆಯಂತೆ ಆಸರೆಯೂ ಪ್ರಕೃತಿಯಲ್ಲೇ ಉಂಟು.

ಮನುಷ್ಯರ ಮಾತಿಗೆ ಬರೋಣ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಹುಟ್ಟಿದಾಗ ಗಂಡೆಂದು ಎಣಿಸಲ್ಪಟ್ಟವರು. ತಾನು ಹೆಣ್ಣೆಂಬ ಅರಿವು ಮೂಡಿದಾಗ ಮನೆ ತಪ್ಪಿತು. ಭಿಕ್ಷೆ ಬೇಡಿ ಬದುಕಿದರು. ಅವರನ್ನು ಬಳಿಗೆ ಸೇರಿಸಿಕೊಂಡು ಜೋಗತಿ ನೃತ್ಯಕ್ಕೆ ನಿಲ್ಲಿಸಿದವರು ಕಾಳವ್ವ ಜೋಗತಿ. ಮಂಜಮ್ಮನವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಇಂಥವರಿಗಾಗಿ ದೇಶದಲ್ಲೇ ಮೊದಲ ಕಲ್ಯಾಣ ಮಂಡಳಿ 2008ರಲ್ಲಿ ಸ್ಥಾಪನೆಯಾದದ್ದು ನಾವಿರುವ ತಮಿಳುನಾಡಿನಲ್ಲಿ. 2014ರಲ್ಲಿ ಸುಪ್ರೀಂ ಕೋರ್ಟು ಅವರ ಹಕ್ಕನ್ನು ಎತ್ತಿಹಿಡಿಯಿತು. 2021ರಲ್ಲಿ ಕರ್ನಾಟಕ ಸರ್ಕಾರವು ನೌಕರಿಗಳಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಕಾನೂನಿನಿಂದ ನೌಕರಿ ದೊರೆಯಬಹುದು. ಬಾಡಿಗೆಗೆ ಕೊಠಡಿ, ಊಟದ ಪಂಕ್ತಿಯಲ್ಲಿ ಸ್ಥಳ, ಇವು ನೆರೆಹೊರೆಯವರ ಕೈಯಲ್ಲಿವೆ.

ಊರು ಬಿಟ್ಟು ಬಂದ ನಮಗೆ ಇದು ಪರರ ಕಥೆಯಲ್ಲ. ಮೊದಲ ತಿಂಗಳು ತಮಿಳು ಬಾರದೆ ಬಸ್ಸಿನಲ್ಲಿ, ಅಂಗಡಿಯಲ್ಲಿ ನಗೆಗೀಡಾದವರು ಈ ಸಭೆಯಲ್ಲೂ ಇದ್ದಾರು. ಆಗ ಕೈಸನ್ನೆಯಲ್ಲೇ ದಾರಿ ತೋರಿದ ತಮಿಳು ಬಂಧುಗಳನ್ನೂ ಮರೆಯಲಾಗದು. ಹೀಗಿದ್ದೂ ನಮ್ಮ ಕೊಠಡಿಗಳಲ್ಲಿ ತೊದಲುವ ಹುಡುಗನನ್ನು ಅಣಕಿಸುತ್ತೇವೆ. ನಡಿಗೆ ಬೇರೆಯಾದವನಿಗೆ ಅಡ್ಡಹೆಸರಿಡುತ್ತೇವೆ. ಇದನ್ನು ಇಂದೇ ನಿಲ್ಲಿಸೋಣ. ಈ ವಾಚನಾಲಯದಲ್ಲಿ ಶುಲ್ಕ ಕೇಳುವವರಿಲ್ಲ. ಯಾರಾದರೂ ಬಾಗಿಲಲ್ಲಿ ಅಳುಕಿ ನಿಂತರೆ, ಕೈಯಲ್ಲಿನ ಪತ್ರಿಕೆ ಮಡಿಸಿ, ಬೆಂಚಿನ ಮೇಲೆ ತುಸು ಸರಿದು, "ಬನ್ನಿ, ಕೂತುಕೊಳ್ಳಿ" ಎನ್ನಬೇಕೆಂದು ತಮ್ಮಲ್ಲಿ ಬೇಡುತ್ತೇನೆ.