ಕಿಲ್ಟ್: ಕುಲುಮೆಯಿಂದ ಅರಮನೆಗೆ



ಸ್ಕಾಟ್‌ಲೆಂಡ್ ಎಂದೊಡನೆ ನೆನಪಾಗುವುದು ಗಂಡಸರು ಉಡುವ ನೆರಿಗೆಯ ಕಿಲ್ಟ್. ಇಂದು ಮದುವೆ, ಮೆರವಣಿಗೆಗಳಲ್ಲಿ ಮೆರೆಯುವ ಈ ಉಡುಗೆಗೆ ಈಗಿನ ರೂಪ ಬಂದದ್ದು ಕಬ್ಬಿಣದ ಕುಲುಮೆಯ ಬಳಿ ಎಂಬ ಮಾತಿದೆ.

ಹಿಂದೆ ಅಲ್ಲಿನ ಗುಡ್ಡಗಾಡಿನ ಜನ ಹಲವು ಗಜ ಉದ್ದದ ಉಣ್ಣೆಬಟ್ಟೆಯನ್ನು ನೆರಿಗೆ ಹಿಡಿದು, ನಡುವಿಗೆ ಪಟ್ಟಿ ಬಿಗಿದು, ಮಿಕ್ಕಿದ್ದನ್ನು ಹೆಗಲಿಗೇರಿಸುತ್ತಿದ್ದರು. 1720ರ ದಶಕದಲ್ಲಿ ಗ್ಲೆನ್‌ಗ್ಯಾರಿಗೆ ಕಬ್ಬಿಣ ಕರಗಿಸಲು ಬಂದ ಇಂಗ್ಲಿಷ್ ಉದ್ಯಮಿ ಥಾಮಸ್ ರಾಲಿನ್‌ಸನ್, ಇದು ಕೆಲಸಕ್ಕೆ ತೊಡಕೆಂದು ಮೇಲ್ಭಾಗ ಕೈಬಿಟ್ಟು ಕೆಳಭಾಗವನ್ನಷ್ಟೇ ಉಳಿಸಿದನೆಂದು 1785ರಲ್ಲಿ ಅಚ್ಚಾದ ಪತ್ರವೊಂದು ಹೇಳುತ್ತದೆ. ಗಿಡ್ಡ ಕಿಲ್ಟ್ ಅದಕ್ಕೂ ಹಿಂದಿನದೆಂದು ವಾದಿಸುವವರೂ ಉಂಟು.

ಯಜಮಾನ ಒಪ್ಪಿದ್ದನ್ನು ಸರ್ಕಾರ ಒಪ್ಪಲಿಲ್ಲ. 1745ರ ದಂಗೆಯನ್ನು ಹತ್ತಿಕ್ಕಿದ ಬಳಿಕ, ಎರಡನೇ ಜಾರ್ಜ್ ದೊರೆಯ ಕಾಲದಲ್ಲಿ, 1746ರ ಕಾಯ್ದೆ ಕಿಲ್ಟನ್ನು ನಿಷೇಧಿಸಿತು. ಮೊದಲ ತಪ್ಪಿಗೆ 6 ತಿಂಗಳ ಸೆರೆವಾಸ. ಮತ್ತೆ ಸಿಕ್ಕಿಬಿದ್ದರೆ 7 ವರ್ಷ ಗಡೀಪಾರು. ಸೈನಿಕರಿಗೆ ಮಾತ್ರ ವಿನಾಯಿತಿ! ಹೊಲದಲ್ಲಿ ಅಪರಾಧವಾದದ್ದು ದೊರೆಯ ಚಾಕರಿಯಲ್ಲಿ ಸಮವಸ್ತ್ರವಾಗಿತ್ತು.

1782ರಲ್ಲಿ ನಿಷೇಧ ರದ್ದಾಯಿತು. ಅಷ್ಟರಲ್ಲಿ ಒಂದು ತಲೆಮಾರು ಕಳೆದು, ದುಡಿಯುವವರು ಬೇರೆ ಉಡುಪಿಗೆ ಒಗ್ಗಿದ್ದರು. 1822ರಲ್ಲಿ ಎಡಿನ್‌ಬರೋಗೆ ಬಂದ ನಾಲ್ಕನೇ ಜಾರ್ಜ್ ತಾನೇ ಕಿಲ್ಟ್ ತೊಟ್ಟ. ಮುತ್ತಜ್ಜನ ಕಾಲದಲ್ಲಿ ಸೆರೆಮನೆಗೆ ದಾರಿಯಾಗಿದ್ದ ಬಟ್ಟೆ ಮರಿಮಗನ ಮೈಮೇಲೆ ರಾಜಪೋಷಾಕಾಯಿತು.

ಬಟ್ಟೆ ಬದಲಾಗಲಿಲ್ಲ, ಬದಲಾದದ್ದು ಆಳುವವರ ಮನಸ್ಸು. ಆ ನಡುವೆ ಸೆರೆಗೆ ಅಂಜಿ ಅದನ್ನು ಮಡಿಚಿಟ್ಟವರ ನಷ್ಟವನ್ನು ಮಾತ್ರ ಯಾರೂ ತುಂಬಿಕೊಡಲಿಲ್ಲ. ಉದ್ಯೋಗದಲ್ಲಿ ಉಡುಗೆಯ ನಿಯಮ ಬರೆಯುವ ಹೊಸ ಮೇಲಧಿಕಾರಿಗಳು ನೆನೆಯಬೇಕಾದ ಕಥೆಯಿದು.