ಸಾಲಗಾರನಿಗೂ ಮಾನವಿದೆ

(ಸಂಘದ ರಜತ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಹಳ್ಳಿಯ ಒಂದು ಸಂಘ ಇಪ್ಪತ್ತೈದು ವರ್ಷ ಬಾಗಿಲು ಮುಚ್ಚದೆ ನಡೆಯಿತು ಎಂದರೆ ಅದು ಸಣ್ಣ ಮಾತಲ್ಲ. ಮೊದಲು ಅದಕ್ಕೆ ತಮಗೆಲ್ಲ ಅಭಿನಂದನೆ. ತಾಲ್ಲೂಕು ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ಓಡಾಡುವ ನಮ್ಮಂಥ ವಕೀಲರನ್ನು ಕರೆಸಿ "ಕಾನೂನು ಸುಧಾರಣೆ ಮತ್ತು ಮಾನವ ಹಕ್ಕುಗಳು" ಎಂಬ ವಿಷಯ ಕೊಟ್ಟಿದ್ದೀರಿ. ವಿಷಯ ದೊಡ್ಡದು. ದೊಡ್ಡದಾಗಿಯೇ ಮಾತಾಡಿದರೆ ಅದು ದೆಹಲಿಯಲ್ಲೇ ಉಳಿದುಬಿಡುತ್ತದೆ. ಅದಕ್ಕೇ ನಾವು ಈ ಸಂಘದ ಮೇಜಿನ ಮೇಲೆ ದಿನಾ ಬೀಳುವ ಒಂದೇ ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ: ಸಾಲ ತೀರಿಸಲಾಗದ ಮನುಷ್ಯನನ್ನು ಏನು ಮಾಡಬಹುದು, ಏನು ಮಾಡಬಾರದು?

ನಮ್ಮ ಚಳವಳಿ ಹುಟ್ಟಿದ್ದೇ ಈ ಪ್ರಶ್ನೆಯಿಂದ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ಸಂಘ ಕಟ್ಟಿದರು. ಲೇವಾದೇವಿಗಾರನ ಬಡ್ಡಿಯಿಂದ ರೈತನನ್ನು ಬಿಡಿಸುವುದು ಇಂಥ ಸಂಘಗಳ ಉದ್ದೇಶ. ಬಡ್ಡಿ ಜೊತೆಗೆ ಅವಮಾನವೂ ಇರುತ್ತಿತ್ತು ಎಂಬುದನ್ನು ಮರೆಯಬಾರದು. ಬಾಗಿಲ ಮುಂದೆ ನಿಂತು ಬೈಯುವುದು, ದನ ಬಿಚ್ಚಿಕೊಂಡು ಹೋಗುವುದು, ಮಗನನ್ನು ಜೀತಕ್ಕೆ ಇಡಿಸಿಕೊಳ್ಳುವುದು, ಇವೆಲ್ಲ ವಸೂಲಿಯ ದಾರಿಗಳಾಗಿದ್ದವು.

ಸಂವಿಧಾನ ಬಂದ ಮೇಲೆ ಈ ದಾರಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. 23ನೇ ಅನುಚ್ಛೇದ ಬಿಟ್ಟಿ ಬೇಗಾರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಆದರೆ ಬರೀ ಅನುಚ್ಛೇದದಿಂದ ಜೀತ ಹೋಗಲಿಲ್ಲ. 1976ರ ಜೀತ ಪದ್ಧತಿ ರದ್ದಿಯಾತಿ ಕಾಯಿದೆ ಬರಬೇಕಾಯಿತು. ಅದು ಆಳನ್ನು ಬಿಡಿಸಿತು, ಅಷ್ಟೇ ಅಲ್ಲ, ಜೀತಕ್ಕೆ ಕಾರಣವಾದ ಸಾಲವನ್ನೇ ತೀರಿತೆಂದು ಸಾರಿತು. ಸಾಲ ಉಳಿಸಿ ಆಳನ್ನು ಬಿಡಿಸಿದ್ದರೆ ಆರು ತಿಂಗಳಲ್ಲಿ ಆತ ಮತ್ತೆ ಅದೇ ಕೊಟ್ಟಿಗೆಗೆ ಬರುತ್ತಿದ್ದ. ಕಾನೂನು ಸುಧಾರಣೆ ಅಂದರೆ ಹೀಗೆ ಬೇರಿಗೆ ಕೈ ಹಾಕಬೇಕು.

ಇನ್ನು ಸೆರೆಮನೆಯ ಮಾತು. "ದುಡ್ಡು ಕಟ್ಟದಿದ್ದರೆ ಜೈಲಿಗೆ ಹಾಕಿಸ್ತೀನಿ" ಅಂತ ಹೇಳುವುದು ಸುಲಭ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಡಿಕ್ರಿ ಹಣ ಕೊಡದವನನ್ನು ಸಿವಿಲ್ ಸೆರೆಗೆ ಕಳಿಸಲು ಅವಕಾಶ ಇದೆ, ನಿಜ. ಆದರೆ ಅದು ಎಷ್ಟು ಬಿಗಿ ನೋಡಿ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. 2,000 ರೂಪಾಯಿವರೆಗಿನ ಡಿಕ್ರಿಗೆ ಯಾರನ್ನೂ ಸೆರೆಗೆ ಹಾಕುವಂತಿಲ್ಲ. 5,000 ದಾಟಿದರೂ ಮೂರು ತಿಂಗಳೇ ಮಿತಿ. ಅಲ್ಲಿರುವಷ್ಟು ದಿನ ಅವನ ಊಟದ ಭತ್ಯೆಯನ್ನು ಡಿಕ್ರಿ ಪಡೆದವನೇ ಕಟ್ಟಬೇಕು. ಆತ ಸೆರೆ ಮುಗಿಸಿ ಬಂದರೂ ಸಾಲ ಹಾಗೇ ಉಳಿಯುತ್ತದೆ!

ಇದೇ ವಿಷಯ 1980ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಜಾಲಿ ಜಾರ್ಜ್ ವರ್ಗೀಸ್ ವಿರುದ್ಧ ಬ್ಯಾಂಕ್ ಆಫ್ ಕೊಚ್ಚಿನ್ ಎಂಬ ಮೊಕದ್ದಮೆ. ಬ್ಯಾಂಕಿಗೆ ಡಿಕ್ರಿ ಆಗಿತ್ತು, ಸಾಲಗಾರರ ಮೇಲೆ ವಾರಂಟು ಹೊರಟಿತ್ತು. ತೀರ್ಪು ಬರೆದವರು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ಕೈಯಲ್ಲಿ ಹಣವಿದ್ದೂ ಅಪ್ರಾಮಾಣಿಕತೆಯಿಂದ ಕೊಡದವನು ಬೇರೆ, ಇಲ್ಲದೆ ಕೊಡಲಾಗದವನು ಬೇರೆ ಎಂದು ಅವರು ಗೆರೆ ಎಳೆದರು. ಬಡತನ ಅಪರಾಧವಲ್ಲ, ಬಡವನೆಂಬ ಕಾರಣಕ್ಕೆ ಸೆರೆಗೆ ಕಳಿಸಿದರೆ ಅದು ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ಅನುಚ್ಛೇದಕ್ಕೆ ವಿರುದ್ಧ ಎಂಬುದು ತೀರ್ಪಿನ ಸಾರ. ವಾರಂಟಿಗೆ ಮುಂಚೆ ಸಾಲಗಾರನ ಶಕ್ತಿ ಎಷ್ಟು, ನಡತೆ ಎಂಥದು ಎಂದು ವಿಚಾರಿಸಬೇಕೆಂದು ಕೆಳಗಿನ ಕೋರ್ಟಿಗೆ ಹೇಳಿದರು. ಕರಾರಿನ ಹಣ ಕೊಡಲಾಗಲಿಲ್ಲ ಎಂಬುದೊಂದಕ್ಕೇ ಯಾರನ್ನೂ ಸೆರೆಗೆ ಹಾಕಬಾರದೆಂದು ವಿಶ್ವಸಂಸ್ಥೆಯ 1966ರ ನಾಗರಿಕ ಹಕ್ಕುಗಳ ಒಡಂಬಡಿಕೆ ಹೇಳುತ್ತದೆ. ಭಾರತ 1979ರಲ್ಲಿ ಅದಕ್ಕೆ ಸೇರಿತು. ಅದನ್ನೂ ಆ ತೀರ್ಪು ನೆನೆಯಿತು. ಮಾನವ ಹಕ್ಕು ಎಂಬುದು ಎಲ್ಲೋ ದೂರದ ಪದ ಅಲ್ಲ ಅಂತ ನಾವು ಹೇಳುವುದು ಇದಕ್ಕೇ.

ಜಪ್ತಿಗೂ ಮಿತಿ ಇದೆ. ಸಿವಿಲ್ ಡಿಕ್ರಿಗಾಗಿ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯದ ಒಡವೆ, ರೈತನ ನೇಗಿಲು ನೊಗ, ಅವನ ಹೊಟ್ಟೆಪಾಡಿಗೆ ಬೇಕಾದ ದನ, ಬಿತ್ತನೆ ಬೀಜ, ಇವನ್ನು ಮುಟ್ಟುವಂತಿಲ್ಲ. ಮನುಷ್ಯ ಮತ್ತೆ ದುಡಿದು ಏಳಲು ಬೇಕಾದ್ದನ್ನು ಕಾನೂನು ಅವನ ಬಳಿ ಬಿಟ್ಟಿದೆ.

ಈಗ ತಾವು ಕೇಳಬಹುದು: "ವಕೀಲರೇ, ಎಲ್ಲ ಸಾಲಗಾರನ ಪರವೇ ಹೇಳಿದಿರಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಆಗಬೇಕೇ?" ನ್ಯಾಯವಾದ ಪ್ರಶ್ನೆ. ಸಂಘದ ಹಣ ಆಕಾಶದಿಂದ ಬಿದ್ದದ್ದಲ್ಲ. ಅದು ಒಬ್ಬ ವಿಧವೆಯ ಠೇವಣಿ, ಒಬ್ಬ ಕೂಲಿಯವನ ಪಿಗ್ಮಿ. ಅವರಿಗೂ ಹಕ್ಕಿದೆ. ಟ್ರ್ಯಾಕ್ಟರು ಕೊಂಡು, ಮಗಳ ಮದುವೆ ಜೋರಾಗಿ ಮಾಡಿ, ಸಂಘದ ಮುಂದೆ ಮಾತ್ರ ಜೇಬು ತಿರುವಿ ತೋರಿಸುವವರನ್ನು ನಾವೂ ಕಂಡಿದ್ದೇವೆ. ಅಂಥವರಿಗೆ ಆ ತೀರ್ಪಿನಲ್ಲಿ ಆಸರೆ ಇಲ್ಲ. 1959ರ ಸಹಕಾರ ಸಂಘಗಳ ಅಧಿನಿಯಮದ ಕಲಂ 70ರಂತೆ ವ್ಯಾಜ್ಯ ಹೂಡಿ, ನೋಟಿಸು ಕೊಟ್ಟು, ಅವಾರ್ಡು ಪಡೆದು ವಸೂಲಿ ಮಾಡಿ. ಸಾಲಕ್ಕೆ ಕೊಟ್ಟ ಚೆಕ್ಕು ವಾಪಸ್ಸಾದರೆ, 1989ರಿಂದ ಜಾರಿಯಲ್ಲಿರುವ ಕಲಂ 138ರ ಕ್ರಿಮಿನಲ್ ದಾರಿಯೂ ಉಂಟು. ದಾರಿ ಇರುವಾಗ ಅಡ್ಡದಾರಿ ಏಕೆ? ಬರೀ ಸಾಲದ ಬಾಕಿಗೆ ಪೊಲೀಸ್ ಠಾಣೆ ವಸೂಲಿ ಕಚೇರಿಯಲ್ಲ.

ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆ ಇದೆ. ಕಿರುಸಾಲದ ವಸೂಲಿ ಕಿರುಕುಳಕ್ಕೆ ಹೆದರಿ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದು ಬಲವಂತದ ವಸೂಲಿಯನ್ನು ಅಪರಾಧ ಮಾಡಿತು. ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಸಾಲಗಾರನಿಗೆ ತೋರಿಸುತ್ತಿದ್ದ ಜೈಲು ಈಗ ಕಾಡುವವನ ಕಡೆ ತಿರುಗಿದೆ.

ಬಂಧುಗಳೇ, 2012ರಲ್ಲಿ ಜಾರಿಗೆ ಬಂದ 97ನೇ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದೂ 19ನೇ ಅನುಚ್ಛೇದದ ಮೂಲಭೂತ ಹಕ್ಕಾಯಿತು. ಆ ತಿದ್ದುಪಡಿಯ ಬೇರೊಂದು ಭಾಗವನ್ನು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಸುಪ್ರೀಂ ಕೋರ್ಟು 2021ರಲ್ಲಿ ತೆಗೆದುಹಾಕಿತು, ಆದರೆ ಈ ಹಕ್ಕು ಉಳಿದಿದೆ. ಸಂಘಕ್ಕೆ ಜಾಗ ಕೊಟ್ಟ ಅದೇ ಸಂವಿಧಾನವೇ ಸಾಲಗಾರ ಸದಸ್ಯನಿಗೂ ಮಾನ ಕೊಟ್ಟಿದೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಆದ್ದರಿಂದ ಈ ಸಮಾರಂಭದ ನೆನಪಿಗೆ ಆಡಳಿತ ಮಂಡಳಿ ನಾಲ್ಕು ಠರಾವು ಮಾಡಲಿ ಎಂದು ನಾವು ಕೇಳಿಕೊಳ್ಳುತ್ತೇವೆ. ಒಂದು, ಬರೆಯದ ಖಾಲಿ ಚೆಕ್ಕಿಗೆ, ಖಾಲಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದಿಲ್ಲ. ಎರಡು, ಅಸಲೆಷ್ಟು ಬಡ್ಡಿಯೆಷ್ಟು ಎಂಬ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಟ್ಟು, ಓದಲು ಬಾರದವರಿಗೆ ಓದಿ ಹೇಳುತ್ತೇವೆ. ಮೂರು, ಬಾಕಿದಾರನ ಹೆಸರು ಕೂಗಿ ಬೀದಿಯಲ್ಲಿ ಮಾನ ತೆಗೆಯುವುದಿಲ್ಲ, ಗಂಡಸಿಲ್ಲದ ಹೊತ್ತಿನಲ್ಲಿ ಮನೆ ಬಾಗಿಲಿಗೆ ಹೋಗುವುದಿಲ್ಲ. ನಾಲ್ಕು, ದಾವೆಗೆ ಮುಂಚೆ ಒಮ್ಮೆ ಕೂರಿಸಿ ಕೇಳುತ್ತೇವೆ: ಕೊಡಲಾರೆಯೋ, ಕೊಡಲೊಲ್ಲೆಯೋ? ಕೊಡಲಾರದವನಿಗೆ ಕಂತು, ಕೊಡಲೊಲ್ಲದವನಿಗೆ ಕಾನೂನು.

ಸದಸ್ಯರಿಗೂ ಒಂದು ಮಾತು. ನೋಟಿಸು ಬಂದರೆ ಹೆದರಿ ಬಚ್ಚಿಡಬೇಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕೋರ್ಟು ಶುಲ್ಕವಿಲ್ಲ. 15100 ಸಂಖ್ಯೆಗೆ ಫೋನು ಮಾಡಿದರೂ ಸಲಹೆ ಸಿಗುತ್ತದೆ.

ಸಾಲ ವಸೂಲಾಗಲಿ, ಮನುಷ್ಯನೂ ಉಳಿಯಲಿ. ಈ ಎರಡನ್ನೂ ಮಾಡಿ ತೋರಿಸಿದ ಸಂಘವೆಂಬ ಹೆಸರು ಪಡೆದು ತಾವು ಸುವರ್ಣ ಮಹೋತ್ಸವ ಆಚರಿಸುವಂತಾಗಲಿ ಎಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.